ಕುರಿಮರಿಯ ಕತೆ ಕೇಳಿದ ಅರಸ

ವಾಚನ: ಎರಡನೆಯ ಸಮುವೇಲ 11 ಮತ್ತು 12, ಮತ್ತಾಯ 1:1–6



ದಾವೀದನು ಪಟ್ಟಕ್ಕೆ ಬಂದಾಗ ಅವನಿಗೆ 30 ವರ್ಷ. ಹೆಬ್ರೋನಿನಲ್ಲಿ ಏಳೂವರೆ ವರ್ಷ ಆಳಿದ ಮೇಲೆ ಯೆರೂಸಲೇಮಿಗೆ ಬಂದನು. ಲೆಕ್ಕ ಹಾಕಿ ನೋಡಿ, ಬೇರೊಬ್ಬನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡ ಪ್ರಸಂಗ ನಡೆದಾಗ ಅವನು ಚಿಗುರುಮೀಸೆಯ ಹುಡುಗನಲ್ಲ. ನಲವತ್ತು ಹತ್ತಿರವಾಗಿತ್ತು, ಇಲ್ಲವೇ ದಾಟಿತ್ತು. ಗೊಲ್ಯಾತನನ್ನು ಬೀಳಿಸಿದ್ದು ಹಳೆಯ ಮಾತು. ದಂಡು ಯುದ್ಧಕ್ಕೆ ಹೋದರೂ ತಾನು ಅರಮನೆಯಲ್ಲಿ ಉಳಿಯಬಹುದಾದಷ್ಟು ಎಲ್ಲವೂ ನೆಲೆಗೊಂಡಿತ್ತು. ಸಂಡೇ ಸ್ಕೂಲಿನಲ್ಲಿ ಕವಣೆಯ ದಾವೀದನನ್ನು ಚಿತ್ರ ಬರೆಸಿ ಕಲಿಸುತ್ತೇವೆ. ಮಾಳಿಗೆಯ ಮೇಲೆ ಅಡ್ಡಾಡುವ ಈ ದಾವೀದನ ಪುಟವನ್ನು ಮಾತ್ರ ಬೇಗ ತಿರುವಿಬಿಡುತ್ತೇವೆ.

ಈ ಭಾಗವನ್ನು ಇಂದು ಆರಿಸಿಕೊಳ್ಳಲು ಒಂದು ಕಾದಂಬರಿ ಕಾರಣ. ನಮ್ಮ ಸಭೆಯ ಓದುವ ಕೂಟ ಈ ಸಲ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಹಿಡಿದಿತ್ತು. 1965ರಲ್ಲಿ ಬಂದ ಪುಸ್ತಕ. ಲೇಖಕರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ ಬರೆದದ್ದು. ಆಗ ಅವರಿಗಿನ್ನೂ ಮೂವತ್ತರ ಆಸುಪಾಸು. ಅಷ್ಟು ಚಿಕ್ಕ ವಯಸ್ಸಿನವರಿಗೆ ನಡುವಯಸ್ಸಿನ ಭಯ ಹೇಗೆ ಗೊತ್ತಾಯಿತೋ! ದೂರ್ವಾಸಪುರವೆಂಬ ಮಾಧ್ವ ಅಗ್ರಹಾರದ ಪ್ರಾಣೇಶಾಚಾರ್ಯರು ಶಾಸ್ತ್ರ ಬಲ್ಲವರು, ಹಾಸಿಗೆ ಹಿಡಿದ ಹೆಂಡತಿ ಭಾಗೀರಥಿಗೆ ವರ್ಷಾನುಗಟ್ಟಲೆ ಸೇವೆ ಮಾಡಿದವರು, ಊರೆಲ್ಲ ಕೈ ಮುಗಿಯುವವರು. ಆಚಾರಕ್ಕೆ ತಿರುಗಿಬಿದ್ದು ಬದುಕಿದ್ದ ನಾರಣಪ್ಪ ಪ್ಲೇಗಿನಿಂದ ಸಾಯುತ್ತಾನೆ. ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಉತ್ತರ ಹುಡುಕುತ್ತ ಆಚಾರ್ಯರು ಗ್ರಂಥಗಳನ್ನು ತಿರುವಿ ಹಾಕುತ್ತಾರೆ, ಮಾರುತಿಯ ಗುಡಿಗೆ ಹೋಗಿ ಕೂರುತ್ತಾರೆ, ಉತ್ತರ ಸಿಗದೆ ಕತ್ತಲಲ್ಲಿ ಹಿಂತಿರುಗುವಾಗ ನಾರಣಪ್ಪನ ಜೊತೆ ಬಾಳಿದ ಚಂದ್ರಿಯ ಕೈಗೆ ಸಿಗುತ್ತಾರೆ. ಅಷ್ಟು ವರ್ಷ ಕಟ್ಟಿದ್ದೆಲ್ಲ ಆ ಒಂದು ರಾತ್ರಿಯಲ್ಲಿ ಅಲುಗುತ್ತದೆ.

ಈ ಪುಸ್ತಕ ಜನರನ್ನು ಮೊದಲಿನಿಂದಲೂ ಒಡೆಯುತ್ತಲೇ ಬಂದಿದೆ. ಮಾಧ್ವ ಸಮುದಾಯದ ಅನೇಕರು ನೊಂದುಕೊಂಡರು. ಪಟ್ಟಾಭಿರಾಮ ರೆಡ್ಡಿ ಅವರ ಸಿನಿಮಾವನ್ನು ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ಅದೇ ಸಿನಿಮಾ 1970ರ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರವೆನಿಸಿತು. ವಿ.ಎಸ್. ನೈಪಾಲ್ 1977ರ ತಮ್ಮ ಪುಸ್ತಕದಲ್ಲಿ, ಭಾರತೀಯ ಮನಸ್ಸು ತನ್ನೊಳಗೇ ಮುಳುಗಿರುವುದಕ್ಕೆ ಈ ಕಾದಂಬರಿಯೇ ಸಾಕ್ಷಿ ಎಂಬಂತೆ ಬರೆದರು. ಇನ್ನು ನಮ್ಮ ಕೂಟದಲ್ಲಿ? ಕಾಲೇಜಿಗೆ ಹೋಗುವ ಮಕ್ಕಳಿಗೆ ನಾರಣಪ್ಪನೇ ಪ್ರಾಮಾಣಿಕ. ಹಿರಿಯರೊಬ್ಬರು, ಇಂಥದ್ದನ್ನು ಸಭೆಯಲ್ಲಿ ಓದಬಾರದಿತ್ತು ಎಂದು ಎದ್ದು ಹೋದರು. ನಲವತ್ತು ಐವತ್ತರ ಗಂಡಸರು ಹೆಚ್ಚು ಮಾತಾಡಲಿಲ್ಲ. ಅವರ ಮೌನವನ್ನು ನಾನು ಗಮನಿಸಿದೆ ಎಂದಷ್ಟೇ ಹೇಳುತ್ತೇನೆ.

ಹೆಚ್ಚು ಜನ ಹೇಳಿದ್ದು ಬೇರೆ ಮಾತು: “ಅಯ್ಯಾ, ಇದು ಅಗ್ರಹಾರದವರ ಕತೆ. ನಮಗೂ ಅದಕ್ಕೂ ಏನು?”

ಈ ಮಾತಿಗೇ ನಾನು ನಾತಾನನನ್ನು ಕರೆತಂದಿದ್ದೇನೆ. ಪ್ರವಾದಿ ಅರಸನ ಮುಂದೆ ನಿಂತು ಒಂದು ಕತೆ ಹೇಳುತ್ತಾನೆ. ಐಶ್ವರ್ಯವಂತನಿಗೆ ಬಹಳ ಕುರಿದನಗಳು, ಬಡವನಿಗೆ ಒಂದೇ ಕುರಿಮರಿ. ಮನೆಗೆ ಬಂದ ಅತಿಥಿಗಾಗಿ ಐಶ್ವರ್ಯವಂತ ಆ ಒಂದನ್ನೇ ಕೊಯ್ಯಿಸುತ್ತಾನೆ. ದಾವೀದ ಕೆರಳಿ ಕೆಂಡವಾಗುತ್ತಾನೆ, ಅವನು ಸಾಯತಕ್ಕವನು, ನಾಲ್ಕರಷ್ಟು ಕೊಡಬೇಕು ಎಂದು ತೀರ್ಪು ಕೊಡುತ್ತಾನೆ. ಆ ನಾಲ್ಕರ ಲೆಕ್ಕ ಎಲ್ಲಿಂದ ಬಂತು? ಮೋಶೆಯ ಧರ್ಮಶಾಸ್ತ್ರದಿಂದ, ವಿಮೋಚನಕಾಂಡ 22ರಿಂದ. ಬತ್ಷೆಬೆಯ ಗಂಡ ಊರೀಯನ ಸಾವಿನ ಓಲೆಯನ್ನು ಊರೀಯನ ಕೈಯಲ್ಲೇ ಕೊಟ್ಟು ಕಳಿಸಿದವನಿಗೆ, ಕದ್ದ ಕುರಿಗೆ ಎಷ್ಟು ತೆರಬೇಕೆಂಬುದು ಬಾಯಿಪಾಠ! ಆಚಾರ್ಯರಿಗೂ ಗ್ರಂಥವೆಲ್ಲ ಬಾಯಿಪಾಠವಾಗಿತ್ತು. ನಡುವಯಸ್ಸಿನ ಅಪಾಯ ಇಲ್ಲಿದೆ. ಅಷ್ಟು ಹೊತ್ತಿಗೆ ನಾವು ಕಲಿತಿರುತ್ತೇವೆ, ಹೆಸರು ಗಳಿಸಿರುತ್ತೇವೆ, ಕಮಿಟಿಯಲ್ಲಿ ಕೂತಿರುತ್ತೇವೆ, ಎಲ್ಲರ ಮೇಲೂ ತೀರ್ಪು ಕೊಡುವ ಅಭ್ಯಾಸ ಕೈಗೆ ಹತ್ತಿರುತ್ತದೆ. ಕತೆ ಬೇರೆಯವರದು ಅನ್ನಿಸಿದಷ್ಟೂ ನಮ್ಮ ತೀರ್ಪು ಖಡಕ್ಕಾಗುತ್ತದೆ.

ಒಬ್ಬರು ಸ್ವಲ್ಪ ಹೆಮ್ಮೆಯಿಂದಲೇ, ಆಚಾರ್ಯರಿಗೆ ಗುಡಿಯಲ್ಲಿ ಉತ್ತರ ಸಿಗಲಿಲ್ಲ, ನಮ್ಮ ದೇವರಾದರೋ ಮಾತಾಡುವವನು ಎಂದರು. 11ನೇ ಅಧ್ಯಾಯದ ಕೊನೆಯನ್ನು ಇನ್ನೊಮ್ಮೆ ಓದಿ. ನಾತಾನ ಬಂದದ್ದು ಬತ್ಷೆಬೆಗೆ ಮಗು ಹುಟ್ಟಿದ ಮೇಲೆ. ಅಷ್ಟು ತಿಂಗಳು ದಾವೀದನ ಅರಮನೆಯಲ್ಲೂ ದೇವರ ಮಾತು ಕೇಳಿಬಂದ ಸುದ್ದಿಯಿಲ್ಲ. ಬೇರೆಯವರ ಗುಡಿಯ ಮೌನವನ್ನು ಆಡಿಕೊಳ್ಳುವ ಹಕ್ಕು ನಮಗಿಲ್ಲ.

ಸ್ತ್ರೀಯರ ಸಂಘದಿಂದ ಬಂದ ಪ್ರಶ್ನೆ ಎಲ್ಲಕ್ಕಿಂತ ತೂಕದ್ದು. ಆಚಾರ್ಯರ ಸಂಕಟ ಪುಟಗಟ್ಟಲೆ ಇದೆ, ಚಂದ್ರಿ ಎಲ್ಲಿ ಹೋದಳು ಎಂದು ಒಬ್ಬ ಅಕ್ಕ ಕೇಳಿದರು. ಪಂಡಿತರು ಚರ್ಚಿಸುತ್ತ ಕೂತಿದ್ದಾಗ, ಮುಸಲ್ಮಾನನೊಬ್ಬನ ನೆರವಿನಿಂದ ರಾತ್ರೋರಾತ್ರಿ ಹೆಣ ಸುಟ್ಟವಳು ಅವಳೇ. ಆಮೇಲೆ ಕಾದಂಬರಿ ಅವಳನ್ನು ಹಿಂದೆ ಬಿಟ್ಟು ಆಚಾರ್ಯರ ಬೆನ್ನು ಹತ್ತುತ್ತದೆ. ಆಕ್ಷೇಪ ನ್ಯಾಯವಾದದ್ದು. ಆದರೆ ನಮ್ಮ ವೇದಪುಸ್ತಕಕ್ಕೂ ಅದನ್ನೇ ಕೇಳಬೇಕು. 11ನೇ ಅಧ್ಯಾಯದಲ್ಲಿ ಬತ್ಷೆಬೆಯ ಬಾಯಿಂದ ಬರುವುದು, ತಾನು ಗರ್ಭಿಣಿ ಎಂಬ ಒಂದೇ ಸುದ್ದಿ. ನಾತಾನನ ಕತೆಯಲ್ಲಿ ಅವಳು ಕುರಿಮರಿ, ಕುರಿಮರಿಗೆ ಮಾತಿಲ್ಲ. ಮತ್ತಾಯನ ವಂಶಾವಳಿಯಲ್ಲಂತೂ ಅವಳ ಹೆಸರೇ ಇಲ್ಲ, ಊರೀಯನ ಹೆಂಡತಿ ಎಂದಷ್ಟೇ ಇದೆ. ಆ ಬರಹದಿಂದ ಊರೀಯನಿಗಾದ ಅನ್ಯಾಯ ಮರೆಯದೆ ಉಳಿಯಿತು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಒಪ್ಪುತ್ತೇನೆ. ಅವಳಿಗಾದದ್ದು?

ಕಾದಂಬರಿಯ ಕೊನೆಯ ಬಗ್ಗೆಯೂ ಜಗಳವಾಯಿತು. ತೀರಿಕೊಂಡ ಹೆಂಡತಿಯನ್ನು ಸುಟ್ಟು ಊರು ಬಿಟ್ಟ ಆಚಾರ್ಯರು ಮೇಳಿಗೆಯ ಜಾತ್ರೆಯಲ್ಲಿ ಯಾರಾದರೂ ಗುರುತು ಹಿಡಿದಾರೆಂದು ನಡುಗುತ್ತ ಅಲೆದು, ಕಡೆಗೆ ಮರಳಿ ಊರಿನ ಗಾಡಿ ಹತ್ತುತ್ತಾರೆ. ನಡೆದದ್ದನ್ನು ಊರವರಿಗೆ ಹೇಳಿದರೋ ಇಲ್ಲವೋ ತಿಳಿಯದು. ಇದು ಅರ್ಧಕ್ಕೆ ನಿಂತ ಕತೆ ಎಂದು ಕೆಲವರು ಗೊಣಗಿದರು. ನನಗೆ ಅಲ್ಲಿ ನಿಲ್ಲಿಸಿದ್ದೇ ಸರಿ ಅನ್ನಿಸಿತು. ದಾವೀದ ತನ್ನ ಪಾಪವನ್ನು ಒಪ್ಪಿಕೊಂಡದ್ದು ಒಂದೇ ವಾಕ್ಯದಲ್ಲಿ, ಅದೂ ನಾತಾನ ಎದುರಿಗೆ ನಿಂತು ಬೆರಳು ತೋರಿದ ಮೇಲೆ. ಗಾಡಿಯಲ್ಲಿ ಕೂತ ಮನುಷ್ಯನಿಗೆ ಹಾಗೆ ಬೆರಳು ತೋರುವವರು ಯಾರೂ ಇರಲಿಲ್ಲ.

ಪ್ರಿಯರೇ, ಈ ವಾರ ಮನೆಯಲ್ಲಿ ಈ ಎರಡು ಅಧ್ಯಾಯಗಳನ್ನು ಒಟ್ಟಿಗೆ ಕೂತು ಓದಿ. ಮುಂದಿನ ಕೂಟದಲ್ಲಿ ‘ಸಂಸ್ಕಾರ’ದ ಚರ್ಚೆ ಮುಂದುವರಿಯುತ್ತದೆ. ಎದ್ದು ಹೋದ ಹಿರಿಯರೂ ದಯವಿಟ್ಟು ಬರಬೇಕು, ಅವರ ಸಿಟ್ಟಿಗೂ ಅಲ್ಲಿ ಜಾಗವಿದೆ. ಸುಮ್ಮನೆ ಕೂತಿದ್ದ ಗಂಡಸರು ಮಾತಾಡಬೇಕು. ಈ ಸಲ ಮೊದಲ ಮಾತು ಮಾತ್ರ ಚಂದ್ರಿ ಎಲ್ಲಿ ಎಂದು ಕೇಳಿದ ಅಕ್ಕನದು.