ಮುಪ್ಪಿನ ಮೈಗೂ ಕುಣಿತವಿದೆ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ, ಬಂಜಾರರ ಸಂತ ಸೇವಾಲಾಲರು ಹುಟ್ಟಿದ ಊರು. ಆ ಸೀಮೆಯ ತಾಂಡಾಗಳಲ್ಲಿ ಹೆಂಗಸರು ಸುತ್ತುಗಟ್ಟಿ ಕುಣಿಯುವಾಗ ಅಜ್ಜಿಯೂ ಮೊಮ್ಮಗಳೂ ಒಂದೇ ಸುತ್ತಿನಲ್ಲಿರುವುದುಂಟು. ನಮ್ಮ ಧರ್ಮಕೇಂದ್ರದ ಹಬ್ಬಗಳಲ್ಲಿ ಮಾತ್ರ ಮಕ್ಕಳಿಗೆ ವೇದಿಕೆ, ಹಿರಿಯರಿಗೆ ಮುಂದಿನ ಸಾಲಿನ ಕುರ್ಚಿ. ಗೌರವವೇ ಸರಿ. ಆದರೆ ಮುದಿ ದೇಹ ಕುಣಿಯಲು ತಕ್ಕುದಲ್ಲ ಎಂದು ತೀರ್ಮಾನಿಸಿದವರು ಯಾರು?

ಕಡೂರು ಕಡೆಯ ಲಂಬಾಣಿ ತಾಂಡಾದಲ್ಲಿ 1906ರಲ್ಲಿ ಹುಟ್ಟಿದ ಕೆ. ವೆಂಕಟಲಕ್ಷಮ್ಮನವರು ಜಟ್ಟಿ ತಾಯಮ್ಮನವರಲ್ಲಿ ಕಲಿತು ಮೈಸೂರು ಅರಮನೆಯ ನರ್ತಕಿಯಾದರು. 1992ರಲ್ಲಿ ಪದ್ಮಭೂಷಣ ಬಂದಾಗ ಅವರಿಗೆ ಎಂಬತ್ತೈದು ವರ್ಷ. ಮೈಸೂರು ಶೈಲಿಯ ಜೀವವೇ ಅಭಿನಯ. ಕಾಲು ಸೋತರೂ ಕಣ್ಣು, ಹುಬ್ಬು, ಬೆರಳು ಸೋಲಬೇಕಾಗಿಲ್ಲ. ಬದುಕು ಮಾಗಿದಷ್ಟೂ ಅವಕ್ಕೆ ಹೇಳಲು ಹೆಚ್ಚಿರುತ್ತದೆ.

ಅದೇ 1906ರಲ್ಲಿ ಜಪಾನಿನಲ್ಲಿ ಹುಟ್ಟಿದ ಕಜುವೊ ಓನೊ ಎಂಬ ಕ್ರೈಸ್ತ ನರ್ತಕರು ತಮ್ಮ ಹೆಸರಾಂತ ಏಕವ್ಯಕ್ತಿ ನೃತ್ಯವನ್ನು ರಂಗಕ್ಕೆ ತಂದದ್ದು 1977ರಲ್ಲಿ, ಎಪ್ಪತ್ತೊಂದರ ವಯಸ್ಸಿನಲ್ಲಿ. ಮುಂದೆ ನಿಲ್ಲಲಾಗದಾಗ ಕುರ್ಚಿಯಲ್ಲಿ ಕುಳಿತೇ ಕೈಗಳಿಂದ ಕುಣಿದರು.

ಮುಪ್ಪು ಸೊಗಸೆಂದು ನಾನು ಹೇಳಲಾರೆ, ಮಂಡಿನೋವು ಮಂಡಿನೋವೇ. ಆದರೆ ದೇಹವನ್ನು ಆತ್ಮದ ಬಾಡಿಗೆ ಮನೆಯೆಂದು ಸಂತ ತೋಮಾಸ್ ಅಕ್ವಿನಾಸರು ಒಪ್ಪಲಿಲ್ಲ. ಎರಡೂ ಕೂಡಿಯೇ ಮನುಷ್ಯ ಎಂದರು. ಹಾಗಿದ್ದ ಮೇಲೆ ಸುಕ್ಕುಗಟ್ಟಿದ ಕೈಯನ್ನು ಸವೆದ ಕುಡುಗೋಲಿನಂತೆ ಮೂಲೆಗಿಡುವುದು ಹೇಗೆ? ಮೂಲೆಗೆ ಹೋಗುವುದು ಆ ವ್ಯಕ್ತಿಯೇ ಅಲ್ಲವೇ?

ಚನ್ನಗಿರಿ, ಹೊನ್ನಾಳಿ, ಜಗಳೂರಿನಲ್ಲಿ ಮುಂದಿನ ಹಬ್ಬದ ಕಾರ್ಯಕ್ರಮ ಪಟ್ಟಿ ಬರೆಯುವವರು ಅಜ್ಜಿಯರನ್ನೂ ಒಂದು ಮಾತು ಕೇಳಲಿ. “ಬೇಡಪ್ಪಾ” ಎಂದರೆ ಕುರ್ಚಿ ಇದ್ದೇ ಇದೆ.