ಒಡೆದ ಥರ್ಮಾಮೀಟರು ಮತ್ತು ಶುದ್ಧಿಯ ಪ್ರಶ್ನೆ

ಜ್ವರ ನೋಡುವ ಗಾಜಿನ ಥರ್ಮಾಮೀಟರಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಮಿನಿಂದ ಒಂದೂವರೆ ಗ್ರಾಮಿನವರೆಗೆ ಪಾದರಸ ಇರುತ್ತದೆ. ಅದು ಕೈಜಾರಿ ಒಡೆದರೆ ಈ ಚೂರು ಲೋಹ ನೂರಾರು ಬೆಳ್ಳಿಯ ಮಣಿಗಳಾಗಿ ನೆಲದ ಮೇಲೆ ಉರುಳುತ್ತದೆ. ನೆಲ ಹೊಲಸಾದರೆ ಮನೆಯವರ ಕೈ ತಾನಾಗಿಯೇ ಪೊರಕೆಯ ಕಡೆಗೆ, ನೀರಿನ ಕಡೆಗೆ ಹೋಗುತ್ತದೆ. ಪಾದರಸದ ವಿಷಯದಲ್ಲಿ ಈ ಎರಡೂ ತಪ್ಪು. ಏಕೆ ತಪ್ಪು ಎಂದು ವಿಚಾರಿಸಹೊರಟರೆ, ಶುದ್ಧಿ ಎಂದರೇನು ಎಂಬ ಹಳೆಯ ಧಾರ್ಮಿಕ ಪ್ರಶ್ನೆಯನ್ನೇ ಮತ್ತೆ ಎತ್ತಿಕೊಳ್ಳಬೇಕಾಗುತ್ತದೆ.

ಧರ್ಮಶಾಸ್ತ್ರಗಳು ಈ ಪ್ರಶ್ನೆಯನ್ನು ಕೂಲಂಕಷವಾಗಿ ಚರ್ಚಿಸಿವೆ. ಯಾಜ್ಞವಲ್ಕ್ಯ ಸ್ಮೃತಿಯ ಆಚಾರಾಧ್ಯಾಯದಲ್ಲಿ ದ್ರವ್ಯಶುದ್ಧಿಗೆಂದೇ ಒಂದು ಪ್ರಕರಣವಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರಾ ಈ ಸ್ಮೃತಿಯ ಪ್ರಸಿದ್ಧ ವ್ಯಾಖ್ಯಾನ. ನೆಲದ ಶುದ್ಧಿಗೆ ಸ್ಮೃತಿ ಹೇಳುವ ಉಪಾಯಗಳು ಇವು: ಗುಡಿಸುವುದು, ಸುಡುವುದು, ಕಾಲ ಕಳೆಯಲು ಬಿಡುವುದು, ದನಗಳನ್ನು ಓಡಾಡಿಸುವುದು, ನೀರು ಚಿಮುಕಿಸುವುದು, ಕೆರೆದು ತೆಗೆಯುವುದು, ಸಾರಿಸುವುದು. ಮನೆಗಾದರೆ ಗುಡಿಸಿ ಸಾರಿಸಿದರೆ ಸಾಕು. ಕೊಳೆಯುವ, ಉರಿಯುವ, ಕರಗುವ ವಸ್ತುಗಳ ಲೋಕದಲ್ಲಿ ಈ ಉಪಾಯಗಳು ಅರ್ಥಪೂರ್ಣವಾಗಿದ್ದವು. ಹೊಲಸನ್ನು ಮಣ್ಣು, ನೀರು, ಬೆಂಕಿ, ಬಿಸಿಲು ಕಾಲಕ್ರಮದಲ್ಲಿ ಜೀರ್ಣಿಸಿಕೊಳ್ಳುತ್ತವೆ ಎಂಬ ನಂಬಿಕೆ ಅವುಗಳ ಹಿಂದಿತ್ತು.

ಪಾದರಸ ಈ ನಂಬಿಕೆಗೆ ಒಳಪಡದ ವಸ್ತು. ಅದು ಮೂಲಧಾತು, ಯಾವುದೂ ಅದನ್ನು ಜೀರ್ಣಿಸಿಕೊಳ್ಳಲಾರದು. ಗುಡಿಸಿದರೆ ಮಣಿಗಳು ಇನ್ನೂ ಸಣ್ಣ ಮಣಿಗಳಾಗಿ ಒಡೆದು ಬಿರುಕುಗಳಲ್ಲಿ ಸೇರುತ್ತವೆ, ಪೊರಕೆಗೂ ಅಂಟುತ್ತವೆ. ವ್ಯಾಕ್ಯೂಮ್ ಕ್ಲೀನರ್ ಬಳಸಿದರೆ ಆವಿ ಮನೆಯಲ್ಲೆಲ್ಲ ಹರಡುತ್ತದೆ. ಸುಟ್ಟರೂ ಅಷ್ಟೆ, ಲೋಹ ಆವಿಯಾಗಿ ಗಾಳಿಗೆ ಸೇರುತ್ತದೆ. ಬಚ್ಚಲಿಗೆ ಸುರಿದರೆ ಕೊಳವೆಯ ತಿರುವುಗಳಲ್ಲಿ ನಿಲ್ಲುತ್ತದೆ, ಇಲ್ಲವೇ ಚರಂಡಿಯಿಂದ ಕೆರೆ ಹೊಳೆಗಳಿಗೆ ಹೋಗುತ್ತದೆ. ಅಲ್ಲಿನ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸಬಲ್ಲವು. ಮೀನುಗಳ ದೇಹದಲ್ಲಿ ಅದು ಸಂಗ್ರಹವಾಗುತ್ತ ಹೋಗುತ್ತದೆ. ಕಾಲ ಕಳೆಯಲು ಬಿಟ್ಟರೆ, ಕೋಣೆಯ ಉಷ್ಣತೆಯಲ್ಲೇ ಸದ್ದಿಲ್ಲದೆ ಆವಿಯಾಗುತ್ತಿರುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಂದಿಗೆ ಒಳಹೋದದ್ದರಲ್ಲಿ ಸುಮಾರು 80 ಪ್ರತಿಶತ ದೇಹಕ್ಕೆ ಸೇರುತ್ತದೆ. ಸ್ಮೃತಿಯ ಪಟ್ಟಿಯಲ್ಲಿ ಪಾದರಸಕ್ಕೆ ಒಪ್ಪುವುದು ಕೆರೆದು ತೆಗೆಯುವುದೊಂದೇ: ಇದ್ದಲ್ಲಿಂದ ಎತ್ತಿ, ಬೇರೆಲ್ಲೂ ಹರಡದಂತೆ ಹಿಡಿದಿಡುವುದು.

ಮಾಡಬೇಕಾದ ಕೆಲಸವೂ ಅದೇ ರೀತಿಯದು. ಮೊದಲು ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಕೋಣೆಯಿಂದ ಹೊರಗೆ ಕಳಿಸಬೇಕು. ಮನೆಯ ಒಳಬಾಗಿಲು ಮುಚ್ಚಿ, ಹೊರಗಿನ ಕಿಟಕಿ ತೆರೆಯಬೇಕು. ಪಾದರಸ ಚಿನ್ನದೊಂದಿಗೆ ಬೆರೆಯುವುದರಿಂದ ಉಂಗುರ, ಬಳೆ ತೆಗೆದಿಟ್ಟು ಕೈಗವಸು ಹಾಕಿಕೊಳ್ಳಬೇಕು. ಗಾಜಿನ ಚೂರುಗಳನ್ನು ಎಚ್ಚರಿಕೆಯಿಂದ ಎತ್ತಿಟ್ಟ ಮೇಲೆ, ಎರಡು ಗಟ್ಟಿ ರಟ್ಟಿನ ತುಂಡುಗಳಿಂದ ಮಣಿಗಳನ್ನು ನಿಧಾನವಾಗಿ ಒಂದೆಡೆ ಕೂಡಿಸಿ, ಔಷಧಿ ಹನಿ ಹಾಕುವ ಡ್ರಾಪರಿನಿಂದ ಹೀರಿಕೊಳ್ಳಬಹುದು. ಉಳಿದ ಸಣ್ಣ ಕಣಗಳನ್ನು ಅಂಟುಪಟ್ಟಿ ಎತ್ತಿಕೊಳ್ಳುತ್ತದೆ. ಕೋಣೆಯನ್ನು ಕತ್ತಲು ಮಾಡಿ ಟಾರ್ಚನ್ನು ನೆಲದ ಮಟ್ಟಕ್ಕೆ ಓರೆಯಾಗಿ ಹಿಡಿದರೆ ಅಡಗಿದ ಮಣಿಗಳು ಮಿನುಗುತ್ತವೆ. ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಹೆಸರು ಬರೆಯಬೇಕು. ಪಾದರಸ ತಗುಲಿದ ಬಟ್ಟೆಯನ್ನು ಒಗೆಯಲು ಹಾಕಬಾರದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಒಡೆದ ಪಾದರಸದ ಥರ್ಮಾಮೀಟರನ್ನು ಮನೆಯ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಿದವು. ಹಸಿ ಕಸ, ಒಣ ಕಸ ಎರಡರಲ್ಲೂ ಅದಕ್ಕೆ ಜಾಗವಿಲ್ಲ. ಹೀಗೆ ಕೂಡಲೇ ಎತ್ತಿದರೆ ಒಂದು ಥರ್ಮಾಮೀಟರಿನಿಂದ ಮನೆಯವರಿಗಾಗುವ ಅಪಾಯ ಚಿಕ್ಕದು.

ಅಪಾಯ ಚಿಕ್ಕದಾದರೆ ಇಷ್ಟು ಶ್ರಮ ಏಕೆ ಎಂಬ ಆಕ್ಷೇಪಕ್ಕೆ ಜೈನ ದರ್ಶನದಲ್ಲಿ ನೇರವಾದ ಉತ್ತರವಿದೆ. ಜೈನರು ಹೇಳುವ ಐದು ಸಮಿತಿಗಳಲ್ಲಿ, ಎಂದರೆ ಎಚ್ಚರದ ನಡೆಗಳಲ್ಲಿ, ಕೊನೆಯದು ಉತ್ಸರ್ಗ ಸಮಿತಿ. ಬಿಸಾಡಬೇಕಾದದ್ದನ್ನು ಯಾವ ಜೀವಕ್ಕೂ ನೋವಾಗದ ಜಾಗ ನೋಡಿ ಬಿಡಬೇಕು ಎಂಬುದು ಅದರ ತಿರುಳು. ನಡೆಯುವುದು, ನುಡಿಯುವುದು, ಉಣ್ಣುವುದು ಇವುಗಳ ಸಾಲಿನಲ್ಲೇ ಬಿಸಾಡುವುದನ್ನೂ ನೈತಿಕ ಕ್ರಿಯೆಯೆಂದು ಎಣಿಸಿದ್ದು ಈ ದರ್ಶನದ ದೊಡ್ಡತನ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ, ಪ್ರಧಾನ ಸ್ಥಾನ ಕೊಡುತ್ತದೆ. ಈ ದೃಷ್ಟಿಯಲ್ಲಿ ಥರ್ಮಾಮೀಟರು ಒಡೆದದ್ದು ಬೇರೆ, ಒಡೆದ ಮೇಲೆ ನಡೆದುಕೊಂಡದ್ದು ಬೇರೆ. ನಡುಗುವ ಕೈಯಿಂದ ಅದು ಜಾರಿದರೆ ಆಕಸ್ಮಿಕ. ತಿಳಿದೂ ಬಚ್ಚಲಿಗೆ ಸುರಿದರೆ ಪ್ರಮಾದ. ಪ್ರಮಾಣ ಚಿಕ್ಕದಾದ ಮಾತ್ರಕ್ಕೆ ಪ್ರಮಾದ ಪ್ರಮಾದವಲ್ಲದೆ ಹೋಗುವುದಿಲ್ಲ.

ಚಿಕ್ಕ ಪ್ರಮಾಣಗಳು ಕೂಡಿದರೆ ಏನಾಗುತ್ತದೆಂಬುದಕ್ಕೂ ಸಾಕ್ಷಿ ಇದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯ ನೀರಿನೊಂದಿಗೆ ವರ್ಷಗಟ್ಟಲೆ ಕೊಲ್ಲಿಗೆ ಹರಿದ ಪಾದರಸ ಮೀನಿನ ಮೂಲಕ ಬೆಸ್ತರ ಮನೆಗಳಿಗೆ ಮರಳಿತು. ಅಲ್ಲಿನ ರೋಗ 1956ರಲ್ಲಿ ಬೆಳಕಿಗೆ ಬಂತು, ಗರ್ಭದಲ್ಲಿದ್ದ ಶಿಶುಗಳೂ ಅದಕ್ಕೆ ತುತ್ತಾದವು. ಆ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂದಿತು. ಆಚೆಗೆ ತಳ್ಳಿದ್ದು ಅಲ್ಲೇ ಉಳಿಯುತ್ತದೆಂಬ ಭರವಸೆ ಮಿನಮಾಟದಲ್ಲಿ ಸುಳ್ಳಾಯಿತು.

ಪಾದರಸ ಪವಿತ್ರವಲ್ಲವೇ ಎಂಬ ಇನ್ನೊಂದು ಪ್ರಶ್ನೆಯೂ ಇದೆ. ರಸೇಶ್ವರ ದರ್ಶನ ಅದನ್ನು ಶಿವನ ಸಾರವೆಂದೂ ಸಂಸಾರದ ಪಾರವನ್ನು ಕೊಡುವುದರಿಂದ ಪಾರದವೆಂದೂ ಭಾವಿಸಿತು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವ ತನ್ನ ಸರ್ವದರ್ಶನಸಂಗ್ರಹದಲ್ಲಿ ಈ ಮತಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಪಾರದಲಿಂಗದ ಪೂಜೆ ಇಂದಿಗೂ ಇದೆ. ಆದರೆ ಪಾರದವನ್ನು ಇಷ್ಟು ಎತ್ತರಕ್ಕೇರಿಸಿದ ರಸಶಾಸ್ತ್ರವೇ ಅದರ ಸಹಜ ದೋಷಗಳಲ್ಲಿ ವಿಷವನ್ನೂ ಎಣಿಸಿ, ಹದಿನೆಂಟು ಸಂಸ್ಕಾರಗಳನ್ನು ವಿಧಿಸಿತು. ಪೂಜ್ಯವೆನಿಸಿದ ವಸ್ತು ನಿರಪಾಯವೆಂದು ಆ ಶಾಸ್ತ್ರ ಎಲ್ಲೂ ಭಾವಿಸಲಿಲ್ಲ. ಆದ್ದರಿಂದ ಹೊಳೆಯುವ ಮಣಿಯನ್ನು ಮಕ್ಕಳ ಅಂಗೈಗೆ ಆಟಕ್ಕೆ ಕೊಡುವುದಕ್ಕೆ ಶಾಸ್ತ್ರದ ಬೆಂಬಲವನ್ನೂ ಹುಡುಕಲಾಗದು.

ಸ್ಮೃತಿಕಾರರು ಕಾಲ ದೇಶ ದ್ರವ್ಯಗಳನ್ನು ನೋಡಿ ಶುದ್ಧಿಯನ್ನು ನಿರ್ಣಯಿಸಿದರು. ತಾಮ್ರಕ್ಕೊಂದು ಕ್ರಮ, ಬಟ್ಟೆಗೊಂದು ಕ್ರಮ. ಅದೇ ವಿವೇಕ ಪಾದರಸಕ್ಕೂ ಅದರದೇ ಕ್ರಮವನ್ನು ಬೇಡುತ್ತದೆ. ಹೊಲಸು ಹೊಸ್ತಿಲು ದಾಟಿದೊಡನೆ ಮನೆ ಮಡಿಯಾಯಿತೆಂಬ ಎಣಿಕೆ ಇಲ್ಲಿ ಸಾಲದು. ಅದು ಮುಂದೆ ಯಾರ ನೀರಿಗೆ, ಯಾರ ಉಸಿರಿಗೆ ಸೇರುತ್ತದೆ ಎಂದು ಯೋಚಿಸಿ, ಸೇರದಂತೆ ಹಿಡಿದಿಟ್ಟಾಗಲೇ ಶುದ್ಧಿ ಪೂರ್ಣವಾಗುತ್ತದೆ.