ಬರೆದ ಮಾತು ದಿಟವಾಗುವುದು ಹೇಗೆ?

ಕವಿಯ ಮಾತಿಗೆ ಮಂತ್ರಶಕ್ತಿಯುಂಟು, ಅವನು ಬರೆದುದು ನಡೆದೇ ತೀರುವುದು ಎಂಬ ನಂಬಿಕೆ ಲೋಕದಲ್ಲಿ ಬಹು ಹಳೆಯದು. ಜೈನದರ್ಶನವು ಇದನ್ನು ಸುಲಭವಾಗಿ ಒಪ್ಪಲಾರದು. ಶಬ್ದವು ನಿತ್ಯವಾದುದೆಂದು ಮೀಮಾಂಸಕರು ಸಾರಿದರೆ, ತತ್ತ್ವಾರ್ಥಸೂತ್ರಕಾರರು ಅದನ್ನು ನೆರಳು, ಕತ್ತಲೆ, ಬಿಸಿಲುಗಳ ಸಾಲಿನಲ್ಲಿಯೇ ಇರಿಸಿ ಪುದ್ಗಲದ ಪರ್ಯಾಯವೆಂದು ನಿರ್ಣಯಿಸಿದರು. ಆಡಿದ ಮಾತೇ ಪುದ್ಗಲವಾದ ಮೇಲೆ ಕಾಗದದ ಮೇಲಣ ಮಸಿಯ ಗತಿಯೇನು? ಅದು ಜಡವಸ್ತು, ತಾನಾಗಿ ಯಾವುದನ್ನೂ ಸೃಷ್ಟಿಸಲಾರದು. ಆದರೂ ಒಬ್ಬನು ಬರೆದುದು ಕಾಲಾಂತರದಲ್ಲಿ ಕಣ್ಣೆದುರು ದಿಟವಾಗಿ ನಿಂತ ನಿದರ್ಶನಗಳುಂಟು. ಅಂಥದೊಂದು ನಿದರ್ಶನ ಧಾರವಾಡದ್ದೇ ಆಗಿದೆ.

ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' 1917ರಲ್ಲಿ ಪ್ರಕಟವಾದಾಗ ಕರ್ನಾಟಕವೆಂಬ ಹೆಸರಿನ ರಾಜ್ಯ ಭೂಪಟದಲ್ಲಿ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿ ಇಲಾಖೆಯಲ್ಲಿದ್ದವು. ಬಳ್ಳಾರಿ ಮತ್ತು ದಕ್ಷಿಣ ಕನ್ನಡಗಳು ಮದರಾಸು ಇಲಾಖೆಯಲ್ಲಿದ್ದವು. ರಾಯಚೂರು, ಗುಲ್ಬರ್ಗಾ, ಬೀದರಗಳು ನಿಜಾಮನ ಆಳ್ವಿಕೆಯಲ್ಲಿದ್ದವು. ಮೈಸೂರು, ಕೊಡಗು, ಜಮಖಂಡಿ, ಮುಧೋಳ, ಸೊಂಡೂರು ಮೊದಲಾದವು ಒಂದೊಂದೂ ಬೇರೆ. ಈ ಹರಿದುಹೋದ ನೆಲವನ್ನು ಆಲೂರರು ಒಂದೇ ನಾಡೆಂಬಂತೆ, ಅದರ ಜನರನ್ನು ಒಂದೇ ಮನೆತನದವರೆಂಬಂತೆ ಕಂಡು ಬರೆದರು. ಮೂವತ್ತೊಂಬತ್ತು ವರ್ಷಗಳ ತರುವಾಯ, 1956ನೆಯ ನವೆಂಬರ್ 1ರಂದು, ಅದರ ಬಹುಭಾಗ ಒಂದು ರಾಜ್ಯವಾಯಿತು. 1973ನೆಯ ನವೆಂಬರ್ 1ರಂದು ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಹೆಸರಿನ ದಿನವನ್ನು ಕಾಣಲು ಆಲೂರರು ಇರಲಿಲ್ಲ; 1964ರಲ್ಲಿ ಅವರು ತೀರಿಕೊಂಡಿದ್ದರು. ಏಕೀಕರಣದ ದಿನವನ್ನು ಮಾತ್ರ ಕಣ್ಣಾರೆ ಕಂಡರು.

ಇಲ್ಲಿ ವ್ರತಿಕನಾದ ಶ್ರಾವಕನಿಗೆ ಒಂದು ಸಂದೇಹ ಏಳುವುದು ಸಹಜ. ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಅಸತ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಇದ್ದುದನ್ನು ಇಲ್ಲವೆನ್ನುವುದು ಒಂದು. ಇಲ್ಲದುದನ್ನು ಇದೆಯೆನ್ನುವುದು ಎರಡು. ಒಂದನ್ನು ಮತ್ತೊಂದೆನ್ನುವುದು ಮೂರು. ನಿಂದ್ಯವೂ ಪಾಪಯುಕ್ತವೂ ಅಪ್ರಿಯವೂ ಆದ ನುಡಿ ನಾಲ್ಕು. ಹಾಗಾದರೆ ಇಲ್ಲದ ನಾಡನ್ನು ಇದೆಯೆಂಬಂತೆ ಬರೆದವನ ಮಾತು ಎರಡನೆಯ ಬಗೆಯ ಅಸತ್ಯವಾಗಲಿಲ್ಲವೇ? ಮುಂದೆ ದಿಟವಾಯಿತೆಂಬ ಮಾತ್ರಕ್ಕೆ ಬರೆದ ದಿನದ ಸುಳ್ಳು ತೊಳೆದುಹೋಗುವುದೇ? ಫಲವನ್ನು ನೋಡಿ ಸತ್ಯಾಸತ್ಯಗಳನ್ನು ನಿರ್ಣಯಿಸುವುದಾದರೆ ಅದೃಷ್ಟವಂತನಾದ ಸುಳ್ಳುಗಾರನೂ ಸತ್ಯವ್ರತಿಯೇ ಆಗಬೇಕಾದೀತು. ಆದುದರಿಂದ ಉತ್ತರವನ್ನು 1956ರಲ್ಲಿ ಅಲ್ಲ, 1917ರಲ್ಲಿಯೇ ಹುಡುಕಬೇಕು.

ಪೂಜ್ಯಪಾದಾಚಾರ್ಯರು 'ಸರ್ವಾರ್ಥಸಿದ್ಧಿ'ಯಲ್ಲಿ ನೈಗಮನಯವನ್ನು ವಿವರಿಸುತ್ತ ಕೊಟ್ಟ ದೃಷ್ಟಾಂತ ಇಲ್ಲಿ ದಾರಿ ತೋರುತ್ತದೆ. ಒಬ್ಬನು ಕೊಡಲಿ ಹಿಡಿದು ಹೊರಟಿದ್ದಾನೆ. ಎಲ್ಲಿಗೆ ಹೊರಟೆ ಎಂದು ಕೇಳಿದರೆ, ಪ್ರಸ್ಥವನ್ನು ತರಲು ಎನ್ನುತ್ತಾನೆ. ಪ್ರಸ್ಥವೆಂದರೆ ಧಾನ್ಯ ಅಳೆಯುವ ಕಟ್ಟಿಗೆಯ ಅಳತೆ. ಆ ಹೊತ್ತಿನಲ್ಲಿ ಪ್ರಸ್ಥವೆಲ್ಲಿದೆ? ಮರವನ್ನು ಇನ್ನೂ ಕಡಿದಿಲ್ಲ. ಹಾಗೆಯೇ ಸೌದೆ, ನೀರು ಹೊಂದಿಸುತ್ತಿರುವವನನ್ನು ಏನು ಮಾಡುತ್ತಿರುವೆ ಎಂದರೆ, ಅನ್ನ ಬೇಯಿಸುತ್ತಿದ್ದೇನೆ ಎನ್ನುತ್ತಾನೆ. ಒಲೆಯ ಮೇಲೆ ಇನ್ನೂ ಅನ್ನವಿಲ್ಲ. ಇವರಿಬ್ಬರೂ ಸುಳ್ಳಾಡಿದವರಲ್ಲ. ಇನ್ನೂ ಸಿದ್ಧವಾಗದ ವಸ್ತುವಿನ ಸಂಕಲ್ಪವನ್ನೇ ಹಿಡಿದು ಆಡಿದ ಮಾತು ಅದು. ನೈಗಮನಯದ ದೃಷ್ಟಿಯಿಂದ ಅದು ಸಮೀಚೀನವಾದುದು.

ದೃಷ್ಟಾಂತದಲ್ಲಿ ಕೊಡಲಿ ಸುಮ್ಮನೆ ಬಂದಿಲ್ಲ. ಬರಿಗೈಯಲ್ಲಿ ಕಟ್ಟೆಯ ಮೇಲೆ ಕುಳಿತವನು ಅದೇ ಮಾತನ್ನು ಆಡಿದ್ದರೆ ಅದು ಹರಟೆಯಾಗುತ್ತಿತ್ತು. ಮಾತು ಎರಡೂ ಕಡೆ ಒಂದೇ, ಭೇದವಿರುವುದು ಕೈಯಲ್ಲಿ. ಆಲೂರರ ಕೈಯಲ್ಲಿ ಕೊಡಲಿ ಇದ್ದಿತು. ಅವರು ವಕೀಲಿ ವೃತ್ತಿಯನ್ನು ತೊರೆದು ನಾಡಿನ ಕೆಲಸಕ್ಕೆ ನಿಂತರು; 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ 'ವಾಗ್ಭೂಷಣ' ಪತ್ರಿಕೆಯನ್ನು ನಡೆಸಿದರು; 1922ರಲ್ಲಿ 'ಜಯಕರ್ನಾಟಕ'ವನ್ನು ಆರಂಭಿಸಿದರು. ಒಂದು ಗ್ರಂಥವನ್ನು ಬರೆದು ಅದರ ಸಿದ್ಧಿಗಾಗಿ ಬಾಳನ್ನು ಸವೆಸಿದವರ ಮಾತು ಭವಿಷ್ಯವಾಣಿಯಲ್ಲ, ಮಂತ್ರವೂ ಅಲ್ಲ, ಅದು ಪ್ರತಿಜ್ಞೆ.

ಹಾಗೆಂದು ಕಾರ್ಯವೆಲ್ಲ ಒಬ್ಬರಿಂದಲೇ ಆಯಿತೆನ್ನುವುದೂ ಏಕಾಂತವಾದವೇ. ಮಾತು ನಿಮಿತ್ತ, ಉಪಾದಾನ ಜನರ ಅಂತರಂಗ. ಮಣ್ಣಿನಲ್ಲಿ ಯೋಗ್ಯತೆ ಇಲ್ಲದಿದ್ದರೆ ಕುಂಬಾರನು ಗಡಿಗೆಯನ್ನು ಮಾಡಲಾರ. ಗದುಗಿನ ಹುಯಿಲಗೋಳ ನಾರಾಯಣರಾಯರು ರಚಿಸಿದ ನಾಡಗೀತೆಯನ್ನು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಕಾಲದಲ್ಲಿ ಹಾಡಿದಾಗ ಕೇಳಿದವರ ಹೃದಯದಲ್ಲಿ ಅದಕ್ಕೆ ಎಡೆ ಸಿದ್ಧವಾಗಿತ್ತು. ನಿಮಿತ್ತದ ಮಿತಿಯೂ ಕಾಣುವಂತಿದೆ. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ರಚಿತವಾದ 'ಕವಿರಾಜಮಾರ್ಗ'ವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿತು. 1956ರ ಎಲ್ಲೆ ಗೋದಾವರಿಯನ್ನು ಮುಟ್ಟಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿತು. ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲಿಯೇ ಉಳಿದವು. ಅಕ್ಷರಕ್ಕೇ ಶಕ್ತಿಯಿದ್ದಿದ್ದರೆ ಹೀಗೆ ಅರ್ಧ ಫಲಿಸಿ ಅರ್ಧ ನಿಲ್ಲುತ್ತಿರಲಿಲ್ಲ.

ಮಾತು ನಿಮಿತ್ತವಷ್ಟೇ ಎಂದು ಬರೆಯುವವನು ನಿಶ್ಚಿಂತನಾಗಿರುವಂತಿಲ್ಲ. ಕರ್ಮಾಸ್ರವವು ತಾನು ಮಾಡಿದುದರಿಂದ ಮಾತ್ರ ಆಗುವುದಲ್ಲ. ಮಾಡಿಸಿದುದರಿಂದ, ಅನುಮೋದಿಸಿದುದರಿಂದಲೂ ಆಗುತ್ತದೆ. ಲೇಖಕನು ತನ್ನ ಕೈಯಿಂದ ಕಲ್ಲೆಸೆಯುವುದಿಲ್ಲ. ಆದರೆ ದ್ವೇಷವನ್ನು ಬಿತ್ತುವ ಬರಹವನ್ನು ಓದಿ ಎಸೆದ ಕಲ್ಲಿನಲ್ಲಿ ಅವನ ಕಾರಿತವೂ ಅನುಮೋದನೆಯೂ ಇದ್ದೇ ಇರುತ್ತವೆ. ಏಕೀಕರಣದ ಹೋರಾಟವು ಸದುದ್ದೇಶದ್ದೇ ಆದರೂ 1953ರ ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ಗಲಭೆಯಾಯಿತು. ಅದೇ ವರ್ಷ ಬಳ್ಳಾರಿಯಲ್ಲಿ ಪೈಲ್ವಾನ್ ರಂಜಾನ್ ಸಾಹೇಬರು ಪ್ರಾಣ ತೆತ್ತರು. ದಿಟವಾಗುವ ಮಾತಿಗೆ ಯಾರು ಬೆಲೆ ತೆರುವರೆಂಬುದನ್ನು ಬರೆಯುವ ಮೊದಲೇ ಎಣಿಸಬೇಕು. ಪೂಜ್ಯಪಾದರು ಅಸತ್ಯದ ಲಕ್ಷಣವನ್ನು ಹೇಳುವಾಗ, ಪ್ರಾಣಿಗಳಿಗೆ ಪೀಡೆಯುಂಟುಮಾಡುವ ಮಾತು, ಇದ್ದ ಸಂಗತಿಯನ್ನೇ ಹೇಳಲಿ ಇಲ್ಲದುದನ್ನೇ ಹೇಳಲಿ, ಅಪ್ರಶಸ್ತವೇ ಎಂದಿರುವುದರ ಮರ್ಮವಿದು. ಮುಂದೆ ದಿಟವಾದ ಮಾತೂ ಪೀಡಾಕರವಾಗಿದ್ದರೆ ಸತ್ಯವ್ರತದೊಳಗೆ ಬಾರದು.

ಅದೇ 1953ರಲ್ಲಿ ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸವನ್ನು ಕೈಗೊಂಡರು. ಆಗಮದ ದೃಷ್ಟಿಯಲ್ಲಿ ಅನಶನತಪದ ಗುರಿ ಕರ್ಮನಿರ್ಜರೆ. ಪರರನ್ನು ಮಣಿಸುವುದು ಅದರ ಗುರಿಯಲ್ಲ. ಆದುದರಿಂದ ರಾಜಕೀಯದ ಉಪವಾಸವನ್ನೂ ಅಷ್ಟಮಿ, ಚತುರ್ದಶಿಗಳ ಪ್ರೋಷಧೋಪವಾಸವನ್ನೂ ಒಂದೆನ್ನಲಾಗದು. ಆದರೆ ಒಂದಂಶ ಗಮನಾರ್ಹವಾಗಿದೆ: ಆಡಿದ ಮಾತಿನ ಬೆಲೆಯನ್ನು ಅವರು ಬೇರೆಯವರ ದೇಹದಿಂದ ವಸೂಲು ಮಾಡಲಿಲ್ಲ, ತಮ್ಮ ದೇಹದಿಂದಲೇ ತೆತ್ತರು.

ಇಷ್ಟು ವಿಚಾರಿಸಿದ ಮೇಲೆ, ಬರೆದ ಮಾತನ್ನು ದಿಟಮಾಡುವ ಹೊಣೆ ಗ್ರಂಥಕರ್ತರಿಗೆ ಮಾತ್ರ ಸೇರಿದುದಲ್ಲವೆಂಬುದು ತಿಳಿಯುತ್ತದೆ. ಪ್ರತಿಯೊಂದು ಶ್ರಾವಕ ಮನೆಯಲ್ಲಿಯೂ ಇನ್ನೂ ಇಲ್ಲದುದನ್ನು ಕುರಿತು ಮಾತು ಕೊಡುವ ಪ್ರಸಂಗಗಳುಂಟು. ಗುರುಸನ್ನಿಧಿಯಲ್ಲಿ ಪ್ರತ್ಯಾಖ್ಯಾನವನ್ನು ಸ್ವೀಕರಿಸಿದಾಕೆ ಬರಲಿರುವ ದಿನವೊಂದನ್ನು ಮೊದಲೇ ನುಡಿದಿರುತ್ತಾಳೆ. ಮರುದಿನ ಬೆಳಗಿನಿಂದ ಆ ನುಡಿಯನ್ನು ಗಳಿಗೆ ಗಳಿಗೆಗೂ ದಿಟಮಾಡುವವಳು ಅವಳೇ. ಬಸದಿಯ ಜೀರ್ಣೋದ್ಧಾರದ ಪಟ್ಟಿಯಲ್ಲಿ ಹೆಸರಿನ ಮುಂದೆ ಮೊತ್ತವನ್ನು ಬರೆಸಿದವನು ಒಂದು ವಾಕ್ಯದ ಗ್ರಂಥಕರ್ತನೇ. ಕೊಡುವ ಯತ್ನವಿದ್ದರೆ ಆ ಬರಹ ಕೊಡಲಿ ಹಿಡಿದವನ ಮಾತು. ಕೊಡುವ ಮನಸ್ಸೇ ಇಲ್ಲದಿದ್ದರೆ ಇಲ್ಲದುದನ್ನು ಇದೆಯೆಂದಂತೆ. ಅಂಗಡಿಯ ಖಾತೆಪುಸ್ತಕದಲ್ಲಿ ಬರೆದ ವಾಯಿದೆಗೂ ಇದೇ ನ್ಯಾಯ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ವಂಚನೆಗಾಗಿ ಸುಳ್ಳು ಬರಹ ಬರೆಯುವುದನ್ನು, ಬೇರೆಯಾಗಿಯೇ ಹೆಸರಿಸಿರುವುದು ಬರಹದ ಭಾರವನ್ನು ಸೂಚಿಸುತ್ತದೆ. ಆಡಿದ ಮಾತು ಗಾಳಿಯಲ್ಲಿ ಕರಗೀತು. ಬರೆದುದು ಬರೆದವನು ಮರೆತ ಮೇಲೂ ಇನ್ನೊಬ್ಬರ ಕೈಯಲ್ಲಿ ಉಳಿದಿರುತ್ತದೆ.

ಬರೆದ ಮಾತು ದಿಟವಾಗುವುದು ಬರೆದವನಲ್ಲಿ ಮಂತ್ರಸಿದ್ಧಿ ಇರುವುದರಿಂದಲ್ಲ. ಅವನು ಅದನ್ನು ವ್ರತದಂತೆ ಪಾಲಿಸುವುದರಿಂದ. ಪಾಲಿಸಿಯೂ ಫಲ ಬಾರದಿರಬಹುದು, ಅರ್ಧ ಬರಬಹುದು, ಬರೆದವನು ತೀರಿಕೊಂಡ ಮೇಲೆ ಬರಬಹುದು. ಅದರಿಂದ ಅವನ ಸತ್ಯಕ್ಕೆ ಊನವಿಲ್ಲ. ಆದುದರಿಂದ ಲೇಖನಿಯನ್ನು ಎತ್ತುವ ಶ್ರಾವಕನು, ಅದು ಗ್ರಂಥಕ್ಕಾಗಲಿ, ಪತ್ರಕ್ಕಾಗಲಿ, ದಾನದ ಪಟ್ಟಿಗಾಗಲಿ, ಎರಡನ್ನು ವಿಚಾರಿಸಿಕೊಳ್ಳುವುದು ಲೇಸು: ಈ ಮಾತು ದಿಟವಾದರೆ ಯಾವ ಜೀವಕ್ಕಾದರೂ ನೋವಾಗುವುದೇ? ಇದನ್ನು ದಿಟಮಾಡಲು ತನ್ನ ಕೈಯಲ್ಲಿ ಕೊಡಲಿ ಇದೆಯೇ?